ಮೂರನೆಯ ಪಾಳಿ

ಇಲಾಖೆಯ ನಮೂನೆ ಕೇಳುತ್ತದೆ:
ಶಾಲೆಯ ಸವಾಲುಗಳೇನು?
ಉತ್ತರಕ್ಕೆ ಎರಡೇ ಗೆರೆ ಜಾಗ.

ಉಲಾನ್‌ಬಾತರಿನಲ್ಲಿ ಐದಕ್ಕೇ ಕತ್ತಲು,
ಕಿಟಕಿಗೆ ಕಲ್ಲಿದ್ದಲ ಹೊಗೆಯೇ ಪರದೆ.
ಮೂರನೆಯ ಪಾಳಿಯವರು ಕೆಮ್ಮುತ್ತ ಬಂದು
ಎರಡನೆಯ ಪಾಳಿಯ ಬಿಸಿ ಆರದ
ಬೆಂಚುಗಳಲ್ಲಿ ಒತ್ತಿಕೊಂಡು ಕೂರುತ್ತಾರೆ.
ನಲವತ್ತೆಂಟು ಹೆಸರು ಕೂಗಿ ಮುಗಿಸುವಷ್ಟರಲ್ಲಿ
ಲೆಕ್ಕದ ಪಿರಿಯಡ್ಡು ಕಾಲು ಸವೆದಿರುತ್ತದೆ.

ಒಚಿರ್ ಮೇಜಿನ ಗೂಡಿಗೆ ಕೈಹಾಕಿ
ಅರ್ಧ ರಬ್ಬರು ತೆಗೆದ.
ಬೆಳಗಿನ ಪಾಳಿಯ ಖುಲಾನಳದು.
ಜಾಗ ಒಂದೇ, ಒಬ್ಬರನ್ನೊಬ್ಬರು ಕಂಡಿಲ್ಲ.
ತಪ್ಪು ಅಳಿಸಿ, ಊದಿ, ಅಲ್ಲೇ ಇಟ್ಟ,
ಪಕ್ಕದಲ್ಲಿ
ಜೇಬಿನಿಂದ ತೆಗೆದ ಒಣಮೊಸರಿನ ತುಣುಕು.

'ಬೆಂಚು ಸಾಲದು' ಎಂದು
ಸೀಸದಕಡ್ಡಿಯಲ್ಲಿ ಬರೆದೆ.
ಅಕ್ಷರ ತಪ್ಪಿತು.
ಒಚಿರನತ್ತ ಕೈ ಚಾಚಹೋಗಿ
ಹಿಂದಕ್ಕೆ ತೆಗೆದೆ:
ಆ ರಬ್ಬರಿಗೆ ಈಗಾಗಲೇ ಇಬ್ಬರು.