ಕರ್ಮಣಿ ಪ್ರಯೋಗ

ಭದ್ರಾವತಿಯ ನಮ್ಮ ನಗರಸಭೆಯ ನಡಾವಳಿ ಪುಸ್ತಕ
ಹತ್ತೊಂಬತ್ತು ವರ್ಷದಿಂದ ನನ್ನ ಕೈಬರಹದಲ್ಲಿದೆ.
ಎಡಕ್ಕೆ ಎರಡು ಬೆರಳು ಅಂಚು,
ವಿಷಯ, ಚರ್ಚೆ, ನಿರ್ಣಯ.
ಕಾಗದದ ಕಾರ್ಖಾನೆ ನಿಂತ ಮೇಲೆ ಪುಸ್ತಕ ಬೇರೆ ಊರಿಂದ ಬರುತ್ತದೆ,
ಹಾಳೆ ತೆಳು,
ಶಾಯಿ ಹಿಂಬದಿಗೆ ಇಳಿಯುತ್ತದೆ.

ಮೊದಲ ವಾರವೇ ಹೆಡ್ ಗುಮಾಸ್ತ ರುದ್ರೋಜಿರಾಯರು ಹೇಳಿಕೊಟ್ಟಿದ್ದರು:
"ಯಾರು ಅಂತ ಬರೀಬೇಡ. ಏನು ಅಂತ ಬರಿ, ಸಾಕು."

ಬರೆದೆ.
ಟ್ಯಾಂಕ್ ಕಟ್ಟಲಾಯಿತು.
ಬಿಲ್ ಪಾವತಿಸಲಾಯಿತು.
ಬಿರುಕು ಗಮನಿಸಲಾಯಿತು.
ಮುಂದಿನ ಸಭೆಗೆ ಮುಂದೂಡಲಾಯಿತು.

ನಮ್ಮ ನುಡಿಯಲ್ಲಿ ಮನುಷ್ಯ
ಕ್ರಿಯಾಪದದ ಬಾಲದಲ್ಲಿ ಕೂತಿರುತ್ತಾನೆ.
ತಿಂದೆ ಅಂದರೆ ನಾನು,
ತಿಂದೆವು ಅಂದರೆ ಎಲೆ ಹಾಸಿ ಕೂಡಿ ಕೂತವರು,
ತಿಂದರು ಅಂದರೆ ಆಚೆ ಬೆಂಚಿನವರು.
ಈ 'ಲಾಯಿತು' ಮಾತ್ರ ಯಾರ ಬಾಲವೂ ಅಲ್ಲ.
ಹಿಡಿಯಹೋದರೆ ಹಲ್ಲಿಯದರಂತೆ
ಕೈಯಲ್ಲುಳಿದು ಮಿಡುಕುತ್ತದೆ,
ಗೋಡೆಯ ಮೇಲೆ ಹಲ್ಲಿ ಇಲ್ಲ.

ಶಾಲೆಯಲ್ಲಿ ಕಲಿತದ್ದು ಕರ್ತೃ, ಕರ್ಮ, ಕ್ರಿಯೆ.
ಕರ್ತೃ ತಪ್ಪಿಸಿಕೊಂಡರೆ ಉಳಿಯುವುದು ಕರ್ಮ,
ಅದು ಲೈನ್‌ಮನೆ ವಾರ್ಡಿನವರದು:
ನಲ್ಲಿಯೆದುರು ಬೆಳಗಿನ ನಾಲ್ಕಕ್ಕೇ
ಕೊಡದ ಬದಲು ಚಪ್ಪಲಿ ಇಟ್ಟು ಸಾಲು ಹಿಡಿದವರದು.

ಆಗ ಹಾಲೇಶಪ್ಪ ಅಧ್ಯಕ್ಷರು.
ಎದುರು ಬೆಂಚಿನ ತಿಪ್ಪೇಶಿ ಮೇಜು ಗುದ್ದಿ ಕೇಳಿದರು:
"ದುಡ್ಡು ಎಲ್ಲಿ ಹೋಯ್ತು? ಜನಕ್ಕೆ ಲೆಕ್ಕ ಕೊಡಿ."
"ಇದು ರಾಜಕೀಯ ಪ್ರೇರಿತ," ಅಂದರು ಹಾಲೇಶಪ್ಪ.
ಚುನಾವಣೆ ಆಯಿತು, ಕುರ್ಚಿ ತಿರುಗಿತು.
ಅದೇ ಟ್ಯಾಂಕು, ಅದೇ ಬಿರುಕು,
ಈ ಸಲ ರಿಪೇರಿ ಬಿಲ್ಲು.
ಹಾಲೇಶಪ್ಪ ಗುದ್ದಿದರು ಅದೇ ಮೇಜಿಗೆ,
(ಅಲ್ಲೊಂದು ತಗ್ಗು ಬಿದ್ದಿದೆ, ನಾನು ಪೆನ್ನಿನ ಮುಚ್ಚಳ ಇಡುವುದು ಅಲ್ಲೇ)
ತಿಪ್ಪೇಶಿ ಅಂದರು ಅದೇ ಮಾತು.
ಹಳೆಯ ಪುಟ ತೆಗೆದು ಹೆಸರಷ್ಟು ಅದಲು ಬದಲು ಮಾಡಿದೆ,
ಒಂದು ಅಲ್ಪವಿರಾಮವೂ ಕದಲಲಿಲ್ಲ.
ನಮ್ಮವನು ತಿಂದರೆ ಹಸಿವು,
ಅವರವನು ತಿಂದರೆ ಕಳವು.

ಆ ಶುಕ್ರವಾರ ಎದ್ದು ನಿಂತಳು ಅಂಜಲಮ್ಮ.
ಆಳುವ ಕಡೆಯವಳೇ. ಮೊದಲ ಸಲ ಗೆದ್ದವಳು,
ಮೊನ್ನೆಯವರೆಗೆ ಶಾಲೆಯಲ್ಲಿ ಬಿಸಿಯೂಟದ ಸೌಟು ಹಿಡಿದವಳು.
"ಆ ಬಿಲ್ಲಿಗೆ ನಾನು ಸಹಿ ಹಾಕಿದೆ. ಓದದೆ ಹಾಕಿದೆ.
ಏಣಿ ಹತ್ತಿ ನೋಡಬೇಕಿತ್ತು, ನೋಡಲಿಲ್ಲ.
ಕವರು ಕೊಟ್ಟರು, ತಗೊಂಡೆ. ಇಲ್ಲಿದೆ.
ಏಳು ಸಾವಿರ ಕಮ್ಮಿ ಇದೆ, ಮಗಳ ಹಲ್ಲಿಗೆ ಖರ್ಚಾಯ್ತು..."
ನಿಲ್ಲಿಸಿದಳು.
"ಖರ್ಚಾಯ್ತು ಅಲ್ಲ. ಖರ್ಚು ಮಾಡಿದೆ."

ಫ್ಯಾನಿನ ಕಿರುಗುಟ್ಟು ಕೇಳಿಸಿತು.
ಗಾಂಧಿ ಪಟದ ಕೆಳಗೆ ಚಹಾ ತಂದ ಹುಡುಗ
ತಟ್ಟೆ ಹಿಡಿದೇ ನಿಂತ.
ನಾನು ಕಂಡಂತೆ ಮೊದಲ ಬಾರಿ
ಎರಡೂ ಬೆಂಚಿಗೆ ಒಂದೇ ಗಂಟಲು ಬಂತು:
"ಅದನ್ನ ಬರೀಬೇಡ!"
ಆಮೇಲೆ ತಿಪ್ಪೇಶಿ, ಮೆತ್ತಗೆ, ನನ್ನ ಕಡೆ ಬಾಗಿ:
"ವಿಷಾದ ವ್ಯಕ್ತಪಡಿಸಲಾಯಿತು ಅಂತ ಹಾಕಿಬಿಡಿ."

ಅಂಜಲಮ್ಮ ನನ್ನ ಪೆನ್ನನ್ನೇ ನೋಡುತ್ತಿದ್ದಳು,
ಕೊನೆಯ ಪಂಕ್ತಿ ಇನ್ನೂ ಕೂತಿರುವಾಗ
ಪಾತ್ರೆಯ ತಳಕ್ಕೆ ತಾಗಿದ ಸೌಟನ್ನು
ನೋಡುವಂತೆ.

ಮುಂದಿನ ಸಲ ಅವಳಿಗೆ ಟಿಕೆಟ್ ಕೊಡಲಾಗಲಿಲ್ಲ.
ಯಾರು ಕೊಡಲಿಲ್ಲ?
ಕೇಳಿದರೆ ಇಬ್ಬರೂ ಮೇಲೆ ಬೆರಳು ತೋರುತ್ತಾರೆ,
ಮೇಲೆ ಅಂದರೆ ಶಿವಮೊಗ್ಗವೋ, ಬೆಂಗಳೂರೋ, ದೇವರೋ.
ಈಗ ಮತ್ತೆ ಅಡುಗೆಗೆ ಹೋಗುತ್ತಾಳೆ.
ಸಂತೆಯಲ್ಲಿ ಸಿಕ್ಕರೆ ನಗುತ್ತಾಳೆ,
ಅದೇ ನನಗೆ ತಡೆಯಲಾಗದು.

ಅವತ್ತು ನನಗೆ ನಿವೃತ್ತಿಗೆ ಎಂಟು ತಿಂಗಳಿತ್ತು.
ಪಿಂಚಣಿ ಕಡತಕ್ಕೆ ತಿಪ್ಪೇಶಿಯ ಒಂದು ಮಾತು ಬೇಕಿತ್ತು.
ಹೇಳಿದ್ದನ್ನೇ ಬರೆದೆ.
ಅದಕ್ಕೂ ಮುಂಚೆ ಕೈ ತಾನಾಗಿ ಓಡಿ
'ನಾನು ಸಹಿ' ಅಂತ ಮೂಡಿಸಿತ್ತು.
ಅಡ್ಡಗೆರೆ ಎಳೆಯಲಾಯಿತು...

ಎಳೆದೆ.

ಪುಟ ಇನ್ನೂರ ಹನ್ನೊಂದು.
ಮೇಲಿಂದ ಓದಲಾಗದು.
ಹಾಳೆ ಮಗುಚಿ ಬೆಳಕಿಗೆ ಹಿಡಿಯಿರಿ,
ಅಕ್ಷರ ತಿರುಗುಮುರುಗು,
ಆದರೂ ಇದೆ.