ಎರಡನೆಯ ಎಳೆತ

ಟೊಲೆಡೊ ನಗರದ ಪೊಲೀಸ್ ಕಚೇರಿ, ನೆಲಮಾಳಿಗೆ.
ಹತ್ತೊಂಬತ್ತು ವರ್ಷದಿಂದ ಇಲ್ಲಿ ಕೂತು
ಅಪರಾಧಗಳನ್ನು ಅವುಗಳ ಮನೆ ಸೇರಿಸುತ್ತೇನೆ.
ಗನ್ನು ಮುಟ್ಟಿಲ್ಲ, ಯಾರನ್ನೂ ಬೆನ್ನಟ್ಟಿಲ್ಲ.
ಕೀಲಿಮಣೆಯಲ್ಲಿ ಏಳರ ಗುಂಡಿ ಸವೆದಿದೆ, ಅಷ್ಟೆ.

ಎಡಗಡೆ ಸೊತ್ತು:
ಕನ್ನ, ಕಳವು, ಕಾರು,
ಹಿತ್ತಿಲಿನಿಂದ ಮಾಯವಾದ ಹುಲ್ಲು ಕತ್ತರಿಸುವ ಯಂತ್ರ.
ಬಲಗಡೆ ಹಿಂಸೆ:
ಕೊಲೆ, ಅತ್ಯಾಚಾರ, ಸುಲಿಗೆ, ಹಲ್ಲೆ.
ನಡುವೆ ಒಂದು ಗೆರೆ, ಕೂದಲಷ್ಟು ದಪ್ಪ.
ತಿಂಗಳ ಕೊನೆಗೆ ಎಲ್ಲ ಕೊಲಂಬಸ್ಸಿಗೆ,
ಅಲ್ಲಿಂದ ವಾಷಿಂಗ್ಟನ್ನಿಗೆ.
ಮುಂದೆಂದೋ ಟೀವಿಯಲ್ಲಿ ಟೈ ಕಟ್ಟಿದವನೊಬ್ಬ
ದೇಶ ಹೀಗಿದೆ, ರಾಜ್ಯ ಹಾಗಿದೆ ಎನ್ನುವಾಗ
ತಟ್ಟೆಯ ಮುಂದೆ ಕೂತು ಹುಡುಕುತ್ತೇನೆ
ಆ ಏರಿಳಿತದಲ್ಲಿ ನನ್ನ ಮಂಗಳವಾರ ಎಲ್ಲಿದೆ ಅಂತ.

ಹಿಂದೆ ಒಂದು ನಿಯಮವಿತ್ತು:
ಒಂದೇ ರಾತ್ರಿ ಒಬ್ಬನೇ
ಬಾಗಿಲು ಮುರಿದು, ಉಂಗುರ ಕಿತ್ತು, ಮನೆಯವನನ್ನು ಕೊಂದು
ಅವನದೇ ಕಾರಲ್ಲಿ ಓಡಿದರೆ
ಬರೆಯುವುದು ಕೊಲೆ ಮಾತ್ರ.
ದೊಡ್ಡ ಮೀನು ನುಂಗಿದ ಸಣ್ಣ ಮೀನುಗಳ
ಲೆಕ್ಕ ಕೇಳುವವರಿರಲಿಲ್ಲ.
ಆಮೇಲೆ ಹೊಸ ಫಾರಂ ಬಂತು. ಎಲ್ಲವನ್ನೂ ಬರೆ ಎಂದಿತು.
ಬರೆದೆ. ಅಂಕಿ ಏರಿತು.
ಊರು ಕೆಟ್ಟುಹೋಯಿತು ಎಂದರು ರೇಡಿಯೊದಲ್ಲಿ.
ಕೆಟ್ಟದ್ದು ಊರಲ್ಲ ಸ್ವಾಮಿ,
ನಾವು ಮೀನಿನ ಹೊಟ್ಟೆ ಸೀಳಿದ್ದೆವು.

ಇಳಿಯುವಾಗಲೂ ಹೀಗೇ.
ಪಕ್ಕದ ಮನೆಯ ಎಮಿಲ್ ತಕಾಚ್,
ಅವನ ವ್ಯಾನಿನ ಅಡಿಯಿಂದ ಸೈಲೆನ್ಸರ್ ಕೊಯ್ದರು.
ಮೊದಲ ಸಲ ಠಾಣೆಗೇ ಬಂದ, ಟೊಪ್ಪಿ ಕೈಯಲ್ಲಿ ಹಿಡಿದು.
ಎರಡನೆಯ ಸಲ ಫೋನು.
ಮೂರನೆಯ ಸಲ ಬೇಲಿಯಾಚೆಯಿಂದ ನನಗಷ್ಟೇ ಹೇಳಿದ:
'ಬರೆಸಿ ಏನು ಬಂತು? ಇನ್ಶೂರೆನ್ಸ್ ಕಂತು ಏರಿತು.'
ಆ ತಿಂಗಳು ನಮ್ಮ ಬೀದಿಯಲ್ಲಿ ಕಳವು
ಶೇಕಡಾ ನೂರು ಇಳಿಯಿತು.
ಅಂಕಿಗೆಲ್ಲಿದೆ ಅಂಕೆ?

ನಿನ್ನೆ ಬಂದ ವರದಿ:
ಆಲ್ತಿಯಾ ಪ್ರೂಯಿಟ್, ಎಪ್ಪತ್ತೊಂದು,
ಲಗ್ರೇಂಜ್ ಬೀದಿಯ ಬಸ್ ನಿಲ್ದಾಣ, ಸಂಜೆ ಐದೂ ನಲವತ್ತು.
ನೆಲದ ಮೇಲೆ ಹಳೆಯ ಹಿಮ, ಬೂದಿಯ ಬಣ್ಣ.
ಹುಡುಗ ಹಿಂದಿನಿಂದ ಬಂದ. ಕೈಚೀಲ ಹೋಯಿತು.
ಒಳಗೆ ಹನ್ನೊಂದು ಡಾಲರು, ಬಸ್ ಪಾಸು,
ಓದುವ ಕನ್ನಡಕ, ಅರ್ಧ ಹೆಣೆದ ಒಂದೇ ಕಾಲುಚೀಲ.

ಪಟ್ಟಿ ಸರಕ್ಕನೆ ಜಾರಿದ್ದರೆ ಅದು ಕಳವು.
ಎಡಗಡೆಯ ಮನೆ. ಯಾರ ಎದೆಯೂ ನಡುಗುವುದಿಲ್ಲ.
ಆದರೆ ಆಕೆ ಹಿಡಿದುಕೊಂಡಳು.
ಕೊನೆಯಲ್ಲಿ ಒಂದು ಸಾಲು: ಬಲಗೈ ಹೆಬ್ಬೆರಳು ಉಳುಕಿದೆ.
ಬಿಟ್ಟಿದ್ದರೆ ಕಳವು, ಹಿಡಿದದ್ದಕ್ಕೆ ಸುಲಿಗೆ.
ಎಪ್ಪತ್ತೊಂದರ ಒಂದು ಮುಷ್ಟಿ
ಇಡೀ ಸಂಜೆಯನ್ನು ಗೆರೆ ದಾಟಿಸಿತು.
ನಮ್ಮ ಊರು, ನಮ್ಮ ಕೌಂಟಿ, ಒಹಾಯೊ, ಅಮೆರಿಕ,
ಎಲ್ಲವೂ ಒಂದು ಹೆಬ್ಬೆರಳಿನಷ್ಟು ಕ್ರೂರವಾದವು.

ಮಧ್ಯಾಹ್ನ ಆಕೆಯ ಫೋನು.
ಚೀಲ ಸಿಕ್ಕಿತೇ ಎಂದು ಕೇಳುತ್ತಾಳೆ ಅಂದುಕೊಂಡೆ.
'ಅಲ್ಲಮ್ಮ, ಆ ಪೊಲೀಸಿನವ ಎಲ್ಲ ಬರೆದುಕೊಂಡನೋ ಇಲ್ಲವೋ.
ಮೊದಲ ಎಳೆತಕ್ಕೆ ನಾನು ಬಿಡಲಿಲ್ಲ.
ಬಿಟ್ಟದ್ದು ಎರಡನೆಯದಕ್ಕೆ.
ಅದೂ ಅವನ ಮುಖ ಕಂಡಮೇಲೆ.
ನನಗಿಂತ ಅವನೇ ಹೆದರಿದ್ದ.
ಆ ಚಳಿಯಲ್ಲಿ ಕೈಗೆ ಗ್ಲೌಸು ಕೂಡ ಇರಲಿಲ್ಲ.
ಅದನ್ನು ಬರೆಯುತ್ತೀಯಾ?'

ಬರೆಯುತ್ತೇನೆ ಎಂದೆ.
ಪರದೆಯ ಮೇಲೆ ಜಾಗ ಹುಡುಕಿದೆ.
ವಯಸ್ಸು, ಲಿಂಗ, ಗಾಯ, ನಷ್ಟದ ಮೊತ್ತ.
ಆಯುಧದ ಮನೆಯಲ್ಲಿ ಬರಿಗೈಗೊಂದು ಸಂಕೇತವಿದೆ, ನಲವತ್ತು.
ಅದನ್ನು ಒತ್ತಿದೆ.
ಯಾರ ಬರಿಗೈ ಎಂದು ಅದು ಕೇಳಲಿಲ್ಲ.