ಹದಿನಾಲ್ಕು ಬಿಳಿ

ಬಣ್ಣದ ಕಂಪನಿಯವರು ಹಡಗು ಹತ್ತಿಸುತ್ತಾರಂತೆ,
ನಾಲ್ಕು ರಾತ್ರಿ, ಸಿಂಗಾಪುರದಿಂದ ಸುತ್ತಿ ಮತ್ತೆ ಸಿಂಗಾಪುರಕ್ಕೆ.
ವರ್ಷಕ್ಕೆ ಒಂಬತ್ತು ಸಾವಿರ ಲೀಟರ್ ಮಾರಿದ ಅಂಗಡಿಗೆ
ಎರಡು ಟಿಕೆಟ್ಟು.
ಅಂಗಡಿ ದುರ್ಗದ ಬಿ.ಡಿ. ರಸ್ತೆಯದು, ಲೈಸೆನ್ಸು ನನ್ನ ಹೆಸರಿನದು.
ಹೆಣ್ಣುಮಕ್ಕಳ ಹೆಸರಾದರೆ ಬಡ್ಡಿ ಅರ್ಧ ಪರ್ಸೆಂಟು ಕಮ್ಮಿ ಅಂತ
ಬ್ಯಾಂಕಿನವರು ಹೇಳಿದ ವರ್ಷ
ನಮ್ಮ ಓಂಕಾರಪ್ಪನವರು ಕಾಗದದಲ್ಲಿ ನನ್ನ ಆಳಾದರು.
ಹಂಗಾಗಿ ಮೊದಲ ಟಿಕೆಟ್ಟು ನನಗೆ.
ಎರಡನೆಯದರ ಮುಂದೆ ಅಚ್ಚಾಗಿದೆ: ಜೊತೆಗಾರ.

ದಾವಣಗೆರೆಯ ಟ್ರಾವೆಲ್ಸ್ ಹುಡುಗ ಫೋನಿನಲ್ಲೇ ಪಟ್ಟಿ ಓದಿದ.
ಪಾಸ್‌ಪೋರ್ಟು ಬೇಕು. ಹಡಗು ಇಳಿದ ಮೇಲೂ
ಅದಕ್ಕೆ ಆರು ತಿಂಗಳು ಆಯುಸ್ಸು ಇರಬೇಕು.
"ನಮಗೋ?" ಅಂದರು ಇವರು, ಹಿಂದಿನಿಂದ.
ಹುಡುಗ ನಗಲಿಲ್ಲ.

ಫೋಟೋಕ್ಕೆ ಬಿಳಿ ಹಿನ್ನೆಲೆ.
ಯಾವ ಬಿಳಿ, ತಮ್ಮಾ?
ನಮ್ಮಲ್ಲಿ ಹದಿನಾಲ್ಕು ಇದಾವೆ:
ಮುತ್ತಿನದು, ಮಲ್ಲಿಗೆಯದು, ಹಳೇ ಸುಣ್ಣದ ನೆನಪಿನದು,
ಆಸ್ಪತ್ರೆಗಳಿಗೆ ಮಾತ್ರ ಹೋಗುವ ಒಂದು.
ಸ್ಟುಡಿಯೋದವನು ಕನ್ನಡಕ ತೆಗೆಸಿದ,
ನಗಬೇಡಿ ಅಂದ, ಕಿವಿ ಕಾಣಲಿ, ಸೆರಗು ಸರಿಸಿ ಅಂದ.
ತೊಳೆದು ಬಂದ ಫೋಟೋದಲ್ಲಿ ನಾನಿರಲಿಲ್ಲ,
ಬಾಕಿ ವಸೂಲಿಗೆ ನಿಂತ ನಮ್ಮತ್ತೆ ಇದ್ದರು.

ಇನ್ನು ಹೆಸರು.
ಆಧಾರಿನಲ್ಲಿ ತಿಪ್ಪೇರುದ್ರಮ್ಮ, ರೇಷನ್ ಕಾರ್ಡಿನಲ್ಲಿ ರುದ್ರಮ್ಮ ಟಿ.,
ಮಾರ್ಕ್ಸ್ ಕಾರ್ಡಿನಲ್ಲಿ ಜಿ. ತಿಪ್ಪಮ್ಮ.
ಮೂವರೂ ಜೂನ್ ಒಂದನೇ ತಾರೀಖೇ ಹುಟ್ಟಿದವರು,
ಗೋನೂರು ಶಾಲೆಯ ಮೇಷ್ಟ್ರ ಪೆನ್ನಿನ ಮೂತಿಯಿಂದ.
ಅವ್ವ ಹೇಳುತ್ತಿದ್ದದ್ದೇ ಬೇರೆ:
ಶೇಂಗಾ ಕೀಳುವ ಕಾಲ, ಅಮಾಸೆಯ ಹಿಂದಿನ ಸಂಜೆ.
ಅದನ್ನು ತುಂಬುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.
ಮೂವರೂ ನಾನೇ ಅಂತ ನೋಟರಿ ಮುಂದೆ
ಛಾಪಾಕಾಗದದಲ್ಲಿ ಪ್ರಮಾಣ ಮಾಡಿದೆ.
ಒಬ್ಬಳು ಸಹಿ ಹಾಕುವಾಗ ಉಳಿದಿಬ್ಬರು
ಬೆಂಚಿನ ಮೇಲೆ ಕೂತು ನೋಡುತ್ತಿದ್ದಂಗಿತ್ತು.

ಬೆರಳಚ್ಚು ಮೆಷಿನ್ನು ಒಪ್ಪಲಿಲ್ಲ.
ಒರೆಸಿ ಇಡಿ. ಒತ್ತಿ. ಇನ್ನೊಂದು ಬೆರಳು.
ಇಪ್ಪತ್ತಾರು ವರ್ಷದ ಥಿನ್ನರು, ಟರ್ಪೆಂಟೈನು,
ಕಲೆ ತೆಗೆಯುತ್ತ ತೆಗೆಯುತ್ತ
ಗೆರೆಗಳನ್ನೂ ತೆಗೆದುಬಿಟ್ಟಿದ್ದವು.

ಜೊತೆಗಾರನಿಗೆ ಮದುವೆ ಸರ್ಟಿಫಿಕೇಟು ಬೇಕು ಅಂದ ಹುಡುಗ.
ಮೂವತ್ತೊಂದು ವರ್ಷ ಆದಮೇಲೆ
ನಾವು ಗಂಡಹೆಂಡತಿ ಹೌದೋ ಅಲ್ಲವೋ ಎಂಬುದು
ಸಬ್‌ರಿಜಿಸ್ಟ್ರಾರ್ ಆಫೀಸಿನ ಮೂರನೇ ಟೇಬಲ್ಲಿಗೆ ಬಂತು.
ಲಗ್ನಪತ್ರಿಕೆ ಗೆದ್ದಲಿಗೆ, ಆಲ್ಬಂ ಇವರ ತಮ್ಮನ ಪಾಲಿಗೆ.
ಸಾಕ್ಷಿಗೆ ಬಂದದ್ದು ಅಂದು ಲಾಡು ಕಟ್ಟಿದ ಚನ್ನವೀರಪ್ಪ,
ಬಳೆ ತೊಡಿಸಿದ ಖುರ್ಷಿದಮ್ಮ.
"ಹಸಿರು ಬಳೆ ಸಾಹೇಬ್ರೆ, ಎರಡು ಒಡೆದವು, ಅತ್ತಿದ್ಲು."
"ಅದೆಲ್ಲ ಬ್ಯಾಡ, ಇಲ್ಲಿ ಸಹಿ."

ಆಮೇಲೆ ತಲೆ ಎತ್ತದೆ ಕೇಳಿದರು,
ಮೈಮೇಲಿನ ಗುರುತು?
ಮಾರ್ಕ್ಸ್ ಕಾರ್ಡಿನಲ್ಲಿ ಏನು ಬರೆಸಿದ್ದರೆಂದು
ನಾನಿನ್ನೂ ಯೋಚಿಸುತ್ತಿದ್ದೆ.
"ಎಡಗಿವಿ ಹಿಂದೆ, ಕೂದಲ ಅಂಚಿಗೆ,
ಸಾಸಿವೆಯಷ್ಟು ಮಚ್ಚೆ," ಅಂದುಬಿಟ್ಟರು ಇವರು.
ನನಗೆ ಗೊತ್ತಿರಲಿಲ್ಲ.
ಸಾಹೇಬರು ಬರೆದುಕೊಂಡರು.

ರಾತ್ರಿ ಎರಡು ಕನ್ನಡಿ ಹಿಡಿದು ಹುಡುಕಿದೆ.
ಇದ್ದರೂ ಇರಬಹುದು.

ಸಮುದ್ರ ನಾನು ಕಂಡವಳಲ್ಲ.
ಮೆಷಿನ್ನಿಗೆ ನಂಬರು ಒತ್ತಿ
ಎಷ್ಟೋ ಮನೆಗೆ ಲೀಟರುಗಟ್ಟಲೆ ಕಲಸಿ ಕೊಟ್ಟಿದ್ದೇನೆ ಅಷ್ಟೆ.
ನನಗೆ ನೀರು ಅಂದರೆ ಸಿಹಿನೀರು ಹೊಂಡ,
ಎಲ್ಲಿ ನಿಂತರೂ ಆಚೆ ದಡ ಕಾಣುವಂಥದು.

ನಿನ್ನೆ ಪಾಸ್‌ಪೋರ್ಟು ಬಂತು.
ದಿನಾ ನಮ್ಮಂಗಡಿಯಲ್ಲೇ ನೀರು ಕುಡಿಯುವ ಪೋಸ್ಟಿನ ಬೋರಯ್ಯ
ಲಕೋಟೆ ಬೆನ್ನ ಹಿಂದೆ ಹಿಡಿದು,
"ರೂಲ್ಸು ಅಕ್ಕಾ, ಗುರುತು ತೋರಿಸ್ಬೇಕು" ಅಂದ.
ಸೆರಗು ಸರಿಸಿ
ಎಡಗಿವಿ ಮಡಚಿ ತೋರಿಸಿದೆ.